ಮೂರು ಸಾವಿರ ನೆಲಮಾಳಿಗೆಗಳು

2022ರ ಜೂನ್ ತಿಂಗಳು. ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿ ಗ್ರೀನ್‌ವುಡ್ ಅಂತ ಒಂದು ಊರು. ಅಲ್ಲಿನ ಲೆಫ್ಲೋರ್ ಕೌಂಟಿ ಕೋರ್ಟ್ ಕಟ್ಟಡದ ನೆಲಮಾಳಿಗೆಯಲ್ಲಿ ಒಂದಷ್ಟು ಜನ ಹಳೇ ಪೆಟ್ಟಿಗೆಗಳನ್ನು ಒಂದೊಂದಾಗಿ ಬಿಚ್ಚಿ ನೋಡ್ತಾ ಇದ್ದರು. ಪೆಟ್ಟಿಗೆಗಳನ್ನು ದಶಕದ ಲೆಕ್ಕದಲ್ಲಿ ಜೋಡಿಸಿದ್ದರು, ಅಷ್ಟೇ. ಇಂಥ ಕಾಗದ ಇಂಥ ಪೆಟ್ಟಿಗೆಯಲ್ಲಿದೆ ಅಂತ ಹೇಳೋ ಪಟ್ಟಿ ಇರಲಿಲ್ಲ. ಹುಡುಕ್ತಾ ಹುಡುಕ್ತಾ ಒಂದು ಫೋಲ್ಡರಿನೊಳಗೆ 1955ರ ಆಗಸ್ಟ್ 29ರ ತಾರೀಖಿನ ಒಂದು ಬಂಧನ ವಾರಂಟ್ ಸಿಕ್ಕಿತು. ಆರೋಪ: ಅಪಹರಣ. ಅದರಲ್ಲಿದ್ದ ಹೆಸರುಗಳಲ್ಲಿ ಒಂದು ‘ಮಿಸೆಸ್ ರಾಯ್ ಬ್ರಯಂಟ್’. ಆ ಹೆಂಗಸನ್ನು ಯಾರೂ ಯಾವತ್ತೂ ಬಂಧಿಸಿರಲಿಲ್ಲ. ವಾರಂಟ್ ಸಿಕ್ಕಿದ ದಿನ ಆಕೆ ಇನ್ನೂ ಬದುಕಿದ್ದಳು.

ಎಮೆಟ್ ಟಿಲ್ ಹೆಸರು ಕೇಳಿರ್ತೀರಿ. ಷಿಕಾಗೋದ 14 ವರ್ಷದ ಕಪ್ಪು ಹುಡುಗ, ರಜೆಗೆ ಅಂತ ಮಿಸಿಸಿಪ್ಪಿಯ ನೆಂಟರ ಮನೆಗೆ ಬಂದಿದ್ದ. ಮನಿ ಅನ್ನೋ ಪುಟ್ಟ ಊರಿನ ಕಿರಾಣಿ ಅಂಗಡಿಯಲ್ಲಿ ಬಿಳಿಯ ಹೆಂಗಸಿನ ಜೊತೆ ಸರಿಯಾಗಿ ನಡೆದುಕೊಳ್ಳಲಿಲ್ಲ ಅನ್ನೋದು ಅವನ ಮೇಲಿದ್ದ ದೂರು. ಆಗಸ್ಟ್ 28ರ ನಸುಕಿನಲ್ಲಿ ಆಕೆಯ ಗಂಡ ಮತ್ತು ಗಂಡನ ಅಣ್ಣ ಬಂದು ಹುಡುಗನನ್ನು ದೊಡ್ಡಜ್ಜನ ಮನೆಯಿಂದ ಎಳೆದುಕೊಂಡು ಹೋದರು. ಮೂರು ದಿನದ ಮೇಲೆ ಹೆಣ ಟಾಲಹ್ಯಾಚಿ ನದಿಯಲ್ಲಿ ತೇಲಿತು. ಆ ಹೆಂಗಸಿನ ಮೇಲೆ ವಾರಂಟ್ ಆಗಿದೆ ಅನ್ನೋದು ಆಗಿನ ಪೇಪರುಗಳಲ್ಲೇ ಬಂದಿತ್ತು. ಆದರೆ ಆಕೆಗೆ ಇಬ್ಬರು ಸಣ್ಣ ಮಕ್ಕಳಿದ್ದಾರೆ, ಯಾಕೆ ತೊಂದರೆ ಕೊಡೋದು ಅಂತ ಲೆಫ್ಲೋರ್ ಕೌಂಟಿಯ ಶೆರಿಫ್ ಸುಮ್ಮನಾದ. ಅಲ್ಲಿಗೆ ಆ ಕಾಗದ ಕೆಳಗಿನ ಕೋಣೆ ಸೇರಿತು. 67 ವರ್ಷ ಅಲ್ಲೇ ಇತ್ತು.

ಯಾರೂ ಅದನ್ನು ಬಚ್ಚಿಟ್ಟಿರಲಿಲ್ಲ ಅನ್ನೋದನ್ನ ಗಮನಿಸಿ. ಕಾನೂನಿನ ಲೆಕ್ಕದಲ್ಲಿ ಅದೊಂದು ಸಾರ್ವಜನಿಕ ದಾಖಲೆ. ಯಾರು ಬೇಕಾದರೂ ಗ್ರೀನ್‌ವುಡ್ಡಿಗೆ ಹೋಗಿ ‘ತೋರಿಸಿ’ ಅಂತ ಕೇಳಬಹುದಿತ್ತು. ಈ ‘ಯಾರು ಬೇಕಾದರೂ ಕೇಳಬಹುದು’ ಅನ್ನೋದಕ್ಕೂ ‘ಸಿಗುತ್ತೆ’ ಅನ್ನೋದಕ್ಕೂ ಮಧ್ಯೆ ಎಷ್ಟು ದೂರ ಇದೆಯಲ್ಲ, ಆ ದೂರದ ಇತಿಹಾಸ ಈ ಬರಹ. ಅಮೆರಿಕದ ಕ್ರಿಮಿನಲ್ ದಾಖಲೆಗಳ ಕಥೆ ಪೂರ್ತಿ ಅದರಲ್ಲೇ ಇದೆ ಅಂತ ನನಗನ್ನಿಸುತ್ತೆ.

ಮೊದಲು ಆ ವ್ಯವಸ್ಥೆ ಹೇಗಿದೆ ನೋಡೋಣ. ನಮ್ಮ ತಲೆಯಲ್ಲಿ ಅಮೆರಿಕ ಅಂದ್ರೆ ಎಫ್‌ಬಿಐ, ಒಂದು ದೊಡ್ಡ ಕಂಪ್ಯೂಟರು, ಹೆಸರು ಟೈಪ್ ಮಾಡಿದರೆ ಜಾತಕ ಪೂರ್ತಿ ತೆರೆಯ ಮೇಲೆ. ಸಿನಿಮಾದಲ್ಲಿ ಹಾಗೇ ತೋರಿಸ್ತಾರೆ. ಕೋರ್ಟ್ ದಾಖಲೆಗಳ ಮಟ್ಟಿಗೆ ಇದು ನಿಜ ಅಲ್ಲವೇ ಅಲ್ಲ. ಕೊಲೆ, ದರೋಡೆ, ಅಪಹರಣದಂಥ ದೊಡ್ಡ ಅಪರಾಧಗಳಿಗೆ ಅಲ್ಲಿ ಫೆಲೊನಿ ಅಂತಾರೆ. ಸಾಮಾನ್ಯವಾಗಿ ಒಂದು ವರ್ಷಕ್ಕಿಂತ ಹೆಚ್ಚು ಸೆರೆವಾಸ ಆಗಬಹುದಾದ ಅಪರಾಧ ಅಂತ ಅರ್ಥ. ಅದಕ್ಕಿಂತ ಚಿಕ್ಕದಕ್ಕೆ ಮಿಸ್‌ಡಿಮೀನರ್. ಇವೆರಡರಲ್ಲೂ ಬಹುಪಾಲು ಕೇಸು ನಡೆಯೋದು ರಾಜ್ಯದ ಕಾನೂನಿನಡಿ, ಅಪರಾಧ ನಡೆದ ಕೌಂಟಿಯ ಕೋರ್ಟಿನಲ್ಲಿ. ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಅಂದ್ಕೊಳ್ಳಿ, ಆದರೆ ಎಷ್ಟೋ ಕೌಂಟಿಗಳು ಜನಸಂಖ್ಯೆಯಲ್ಲಿ ನಮ್ಮ ಒಂದು ಹೋಬಳಿಯಷ್ಟೂ ಇರಲ್ಲ. ಇಂಥವು ದೇಶದಲ್ಲಿ 3 ಸಾವಿರಕ್ಕೂ ಹೆಚ್ಚು. ಟೆಕ್ಸಾಸ್ ಒಂದರಲ್ಲೇ 254. ಪ್ರತಿಯೊಂದಕ್ಕೂ ಅದರದೇ ಕೋರ್ಟ್ ಕಟ್ಟಡ, ಅದರದೇ ಕ್ಲರ್ಕ್, ಅದರದೇ ಕಪಾಟು.

ಈ ಕ್ಲರ್ಕ್ ಅಂದ್ರೆ ಗುಮಾಸ್ತ ಅಂದ್ಕೋಬೇಡಿ. ಬಹಳಷ್ಟು ರಾಜ್ಯಗಳಲ್ಲಿ ಆತ ಚುನಾವಣೆಯಲ್ಲಿ ಗೆದ್ದು ಬಂದ ಮನುಷ್ಯ. ದಾಖಲೆಗಳ ಒಡೆತನ ಅಲ್ಲದಿದ್ದರೂ ಯಜಮಾನಿಕೆ ಆತನದ್ದೇ. ಕೆಲಸದ ಹೆಸರು ಕೂಡ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತೆ. ಟೆಕ್ಸಾಸಿನಲ್ಲಿ ಫೆಲೊನಿ ಕಡತ ಬೇಕಿದ್ದರೆ ಡಿಸ್ಟ್ರಿಕ್ಟ್ ಕ್ಲರ್ಕ್ ಹತ್ತಿರ ಹೋಗಬೇಕು, ಮಿಸ್‌ಡಿಮೀನರ್ ಆದರೆ ಕೌಂಟಿ ಕ್ಲರ್ಕ್. ಓಹಾಯೋದಲ್ಲಿ ಕೋರ್ಟಿನ ಹೆಸರು ಕೋರ್ಟ್ ಆಫ್ ಕಾಮನ್ ಪ್ಲೀಸ್, ಕ್ಯಾಲಿಫೋರ್ನಿಯಾದಲ್ಲಿ ಸುಪೀರಿಯರ್ ಕೋರ್ಟ್, ಮಿಸಿಸಿಪ್ಪಿಯಲ್ಲಿ ಸರ್ಕಿಟ್ ಕೋರ್ಟ್. ನ್ಯೂಯಾರ್ಕಿನವರಂತೂ ಕೆಳಗಿನ ವಿಚಾರಣಾ ನ್ಯಾಯಾಲಯಕ್ಕೇ ಸುಪ್ರೀಂ ಕೋರ್ಟ್ ಅಂತ ಹೆಸರಿಟ್ಟು ಕೂತಿದ್ದಾರೆ. ಯಾರು ಡಿಸೈನ್ ಮಾಡಿದ್ರೋ!

ಹಾಗಾಗಿ ಹುಡುಕೋಕೆ ಹೊರಟವರ ಮೊದಲನೇ ಪ್ರಶ್ನೆ ‘ಯಾರು’ ಅಲ್ಲ, ‘ಯಾವ ಕೌಂಟಿ’. ಟಿಲ್ ಪ್ರಕರಣ ಇದಕ್ಕೆ ಒಳ್ಳೇ ಉದಾಹರಣೆ. ಹುಡುಗನನ್ನು ಎಳೆದುಕೊಂಡು ಹೋಗಿದ್ದು ಲೆಫ್ಲೋರ್ ಕೌಂಟಿಯಲ್ಲಿ, ಹೆಣ ಸಿಕ್ಕಿದ್ದು ಪಕ್ಕದ ಟಾಲಹ್ಯಾಚಿ ಕೌಂಟಿಯಲ್ಲಿ. ಹಾಗಾಗಿ ಒಂದೇ ರಾತ್ರಿಯ ಅಪರಾಧಕ್ಕೆ ಎರಡು ಕಡತ. ಅಪಹರಣದ್ದು ಗ್ರೀನ್‌ವುಡ್ಡಿನಲ್ಲಿ, ಕೊಲೆಯದ್ದು ಸಮ್ನರ್ ಅನ್ನೋ ಊರಿನಲ್ಲಿ. ಅದರಲ್ಲೂ ಟಾಲಹ್ಯಾಚಿ ಕೌಂಟಿಗೆ ಸಮ್ನರ್ ಮತ್ತು ಚಾರ್ಲ್ಸ್‌ಟನ್ ಅಂತ ಎರಡು ಕೇಂದ್ರ ಊರುಗಳು, ಎರಡು ಕೋರ್ಟ್ ಕಟ್ಟಡಗಳು. ಗೊತ್ತಿಲ್ಲದವರು ತಪ್ಪು ಊರಿಗೆ ಹೋಗಿ ‘ಅಂಥ ಕೇಸೇ ಇಲ್ಲ’ ಅನ್ನೋ ಉತ್ತರ ತಗೊಂಡು ವಾಪಸ್ ಬರಬಹುದು. ಕ್ಲರ್ಕ್ ಸುಳ್ಳು ಹೇಳಿರಲ್ಲ, ಅವನ ಕಪಾಟಿನಲ್ಲಿ ನಿಜಕ್ಕೂ ಇರಲ್ಲ.

ಸಮ್ನರ್‌ನಲ್ಲಿ ಆ ಸೆಪ್ಟೆಂಬರಿನಲ್ಲಿ ಐದು ದಿನ ವಿಚಾರಣೆ ನಡೆಯಿತು. ಬಿಳಿಯ ಗಂಡಸರು ಮಾತ್ರ ಇದ್ದ ಜ್ಯೂರಿ ಒಂದು ಗಂಟೆಗೆ ಸ್ವಲ್ಪ ಹೆಚ್ಚು ಹೊತ್ತು ಒಳಗೆ ಕೂತಿದ್ದು ಹೊರಬಂದು ಇಬ್ಬರನ್ನೂ ಖುಲಾಸೆ ಮಾಡಿತು. ಜ್ಯೂರಿ ಯಾಕೆ ಪೂರ್ತಿ ಬಿಳಿ? ಆಗ ಜ್ಯೂರಿಗೆ ಹೆಸರು ಬರುತ್ತಿದ್ದದ್ದು ಮತದಾರರ ಪಟ್ಟಿಯಿಂದ, ಹೆಂಗಸರನ್ನು ತೆಗೆದುಕೊಳ್ತಾನೇ ಇರಲಿಲ್ಲ. ಅರ್ಧಕ್ಕಿಂತ ಹೆಚ್ಚು ಕಪ್ಪು ಜನರಿದ್ದ ಆ ಕೌಂಟಿಯಲ್ಲಿ ಒಬ್ಬನೇ ಒಬ್ಬ ಕಪ್ಪು ಮನುಷ್ಯನ ಹೆಸರೂ ಮತದಾರರ ಪಟ್ಟಿಯಲ್ಲಿರಲಿಲ್ಲ. ಮಿಸಿಸಿಪ್ಪಿಯಲ್ಲಿ ಮತದಾರರ ನೋಂದಣಿ ಮಾಡುವ ಅಧಿಕಾರಿ ಯಾರು ಗೊತ್ತಾ? ಅದೇ ಸರ್ಕಿಟ್ ಕ್ಲರ್ಕ್. ಕೋರ್ಟಿನ ಕಡತವನ್ನು ಇಟ್ಟುಕೊಳ್ಳುವವನೇ ಯಾರ ಹೆಸರು ಪಟ್ಟಿಗೆ ಸೇರಬೇಕು ಅಂತಲೂ ನೋಡುವವನು. ದಾಖಲೆ ಅಂದ್ರೆ ಬರೇ ಗೋದಾಮು ಅಂದ್ಕೊಂಡಿದ್ದ ನನಗೆ ಇದನ್ನು ಓದಿದಾಗ ಸ್ವಲ್ಪ ಹೊತ್ತು ಮುಂದಕ್ಕೆ ಓದಕ್ಕಾಗಲಿಲ್ಲ.

ಆ ವಿಚಾರಣೆಯ ಮಾತುಮಾತೂ ಬರೆದುಕೊಂಡ ಪ್ರತಿ ಆಮೇಲೆ ಕಾಣೆಯಾಯಿತು. ದಶಕಗಟ್ಟಲೆ ಇತಿಹಾಸಕಾರರು ಪತ್ರಿಕಾ ವರದಿಗಳನ್ನೇ ನೆಚ್ಚಿಕೊಂಡು ಬರೆದರು. 2004ರಲ್ಲಿ ತನಿಖೆಯನ್ನು ಮತ್ತೆ ತೆರೆದಾಗ ಎಫ್‌ಬಿಐಗೆ ಒಂದು ಮಾಸಿದ ನಕಲು ಸಿಕ್ಕಿತು. ನಕಲಿನ ನಕಲು. ಅದನ್ನು ಕೂತು ಮತ್ತೆ ಟೈಪ್ ಮಾಡಿಸಿ ಉಳಿಸಿಕೊಂಡರು. ಒಂದು ಕೌಂಟಿಯಲ್ಲಿ ಕಳೆದುಹೋದದ್ದು ಹೀಗೆ ಸಿಕ್ಕಿತು, ಪಕ್ಕದ ಕೌಂಟಿಯಲ್ಲಿ ಇದ್ದದ್ದು ಇದ್ದಲ್ಲೇ ಇದ್ದೂ 2022ರವರೆಗೆ ಸಿಗಲಿಲ್ಲ. ವಾರಂಟ್ ಸಿಕ್ಕ ಎರಡು ತಿಂಗಳಿಗೆ ಲೆಫ್ಲೋರ್ ಕೌಂಟಿಯ ಗ್ರ್ಯಾಂಡ್ ಜ್ಯೂರಿ ಮುಂದೆ ವಿಷಯ ಹೋಯಿತು. ಆರೋಪ ಹೊರಿಸಲು ಸಾಕ್ಷ್ಯ ಸಾಲದು ಅಂದರು. ಆ ಹೆಂಗಸು 2023ರ ಏಪ್ರಿಲ್‌ನಲ್ಲಿ ತೀರಿಕೊಂಡಳು.

ಇನ್ನು ಹುಡುಕುವ ಬಗೆ. ಹಳೇ ಕೌಂಟಿ ಕೋರ್ಟುಗಳಲ್ಲಿ ಮೂರು ಥರದ ಸರಕು ಇರುತ್ತೆ. ಆರೋಪಿಯ ಹೆಸರಿನ ಇಂಡೆಕ್ಸ್ ಪುಸ್ತಕ, ಕೇಸಿನ ಒಂದೊಂದು ಹೆಜ್ಜೆಯನ್ನೂ ತಾರೀಖಿನ ಪ್ರಕಾರ ಬರೆದ ಡಾಕೆಟ್ ಪುಸ್ತಕ, ಆಮೇಲೆ ಅಸಲಿ ಕಾಗದಗಳ ಕಟ್ಟು. ಇಂಡೆಕ್ಸಿನಲ್ಲಿ ಹೆಸರು ಸಿಕ್ಕರೆ ಕೇಸ್ ನಂಬರ್ ಸಿಗುತ್ತೆ, ನಂಬರಿನಿಂದ ಡಾಕೆಟ್, ಡಾಕೆಟ್‌ನಿಂದ ಕಟ್ಟು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಪ್ರೈಮರಿ ಕೀ, ಲಾಗ್ ಟೇಬಲ್, ಬ್ಲಾಬ್ ಸ್ಟೋರೇಜ್. ಮೊದಲನೆಯದು ಕೆಟ್ಟರೆ ಉಳಿದೆರಡು ಇದ್ದೂ ಇಲ್ಲದ ಹಾಗೆ. ಈಗಿನ ಕೇಸ್ ನಂಬರುಗಳಲ್ಲಿ ಎಷ್ಟೋ ಕಡೆ ವರ್ಷ, ಕೇಸಿನ ಜಾತಿ, ಕ್ರಮಸಂಖ್ಯೆ ಮೂರೂ ಸೇರಿರುತ್ತೆ. ಫ್ಲೋರಿಡಾ, ಇಲಿನಾಯ್‌ಗಳಲ್ಲಿ ನಡುವೆ ‘ಸಿಎಫ್’ ಅಂತಿದ್ದರೆ ಅದು ಕ್ರಿಮಿನಲ್ ಫೆಲೊನಿ. ನಂಬರ್ ನೋಡಿದ ಕೂಡಲೇ ತೂಕ ಗೊತ್ತಾಗುತ್ತೆ.

ಹೆಸರಿನ ಸಮಸ್ಯೆ ಕಂಪ್ಯೂಟರಿಗಿಂತ ಹಳೇದು. ಬರೆದುಕೊಳ್ಳುವವನಿಗೆ ಕೇಳಿಸಿದಂತೆ ಸ್ಪೆಲ್ಲಿಂಗು. ಪೆನ್ಸಿಲ್ವೇನಿಯಾದ ಕೌಂಟಿ ಕಚೇರಿಗಳಲ್ಲಿ ಇವತ್ತಿಗೂ ರಸೆಲ್ ಇಂಡೆಕ್ಸ್ ಅನ್ನೋ ಹಳೇ ಪುಸ್ತಕಗಳಿವೆ. ಮನೆತನದ ಹೆಸರಿನಲ್ಲಿ ಮೊದಲಕ್ಷರ ಬಿಟ್ಟು ಎಲ್, ಎಂ, ಎನ್, ಆರ್, ಟಿ ಇವುಗಳಲ್ಲಿ ಯಾವುದು ಮೊದಲು ಬರುತ್ತೋ ಅದರ ಪ್ರಕಾರ ಪುಟ ಹುಡುಕಬೇಕು. ಅದೇ ರಾಜ್ಯದ ಪಿಟ್ಸ್‌ಬರ್ಗಿನ ರಾಬರ್ಟ್ ರಸೆಲ್ ಅನ್ನೋರಿಗೆ 1918ರಲ್ಲಿ ಸೌಂಡೆಕ್ಸ್‌ಗೆ ಪೇಟೆಂಟ್ ಸಿಕ್ಕಿತು. ಹೆಸರನ್ನು ಬರವಣಿಗೆ ಬಿಟ್ಟು ಉಚ್ಚಾರದ ಮೇಲೆ ಗುಂಪು ಮಾಡುವ ಉಪಾಯ. ಎಸ್‌ಕ್ಯೂಎಲ್‌ನಲ್ಲಿ ಅದೇ ಹೆಸರಿನ ಫಂಕ್ಷನ್ ನೀವೂ ನೋಡಿರ್ತೀರಿ, ಅದು ಇವರದ್ದೇ. ಗೌಡ ಅನ್ನೋದನ್ನ ಇಂಗ್ಲಿಷಿನಲ್ಲಿ ಡಬ್ಲ್ಯೂ ಹಾಕಿ ಬರೆದರೂ ಯು ಹಾಕಿ ಬರೆದರೂ ಅದು ಜಿ-300 ಅನ್ನುತ್ತೆ. ಗೌಡ್ರು ಅಂದ್ರೆ ಮಾತ್ರ ಜಿ-360. ಮರ್ಯಾದೆ ಕೊಟ್ಟರೆ ಬೇರೆ ಮನುಷ್ಯ ಆಗಿಬಿಡ್ತಾನೆ.

ಕಾಗದದ ದೊಡ್ಡ ಶತ್ರು ಬೆಂಕಿ. ಅಮೆರಿಕದಲ್ಲಿ ತಮ್ಮ ವಂಶವೃಕ್ಷ ಹುಡುಕುವ ಹವ್ಯಾಸದವರು ‘ಸುಟ್ಟ ಕೌಂಟಿಗಳು’ ಅಂತಲೇ ಒಂದು ಪಟ್ಟಿ ಇಟ್ಕೊಂಡಿರ್ತಾರೆ. ವರ್ಜೀನಿಯಾದ್ದು ಎಲ್ಲಕ್ಕಿಂತ ಬೇಜಾರಿನ ಕಥೆ. ಅಂತರ್ಯುದ್ಧದ ಕಾಲದಲ್ಲಿ ಹಲವು ಕೌಂಟಿಗಳವರು ತಮ್ಮ ಪುಸ್ತಕಗಳು ಭದ್ರವಾಗಿರಲಿ ಅಂತ ರಾಜಧಾನಿ ರಿಚ್‌ಮಂಡಿಗೆ ಸಾಗಿಸಿದ್ದರು. 1865ರ ಏಪ್ರಿಲ್‌ನಲ್ಲಿ ಊರು ಬಿಟ್ಟು ಓಡುವಾಗ ಹತ್ತಿದ ಬೆಂಕಿಯಲ್ಲಿ ಅವೆಲ್ಲ ಸುಟ್ಟುಹೋದವು. ಕಳಿಸದೇ ಸೋಮಾರಿತನ ಮಾಡಿದ ಕೆಲವು ಕೌಂಟಿಗಳ ಪುಸ್ತಕಗಳು ಉಳಿದವು.

ನನಗೆ ಹೆಚ್ಚು ಕಾಡಿದ್ದು ಸಿನ್ಸಿನಾಟಿ. ಓಹಾಯೋದ ಹ್ಯಾಮಿಲ್ಟನ್ ಕೌಂಟಿಯ ಕೇಂದ್ರ. 1883ರ ಡಿಸೆಂಬರಿನಲ್ಲಿ ಕುದುರೆ ಲಾಯದ ಯಜಮಾನನೊಬ್ಬನನ್ನು ಅವನ ಕೆಲಸದವರೇ ಕೊಂದರು. ಅವರಲ್ಲಿ ಒಬ್ಬ ವಿಲಿಯಂ ಬರ್ನರ್, ತಪ್ಪೊಪ್ಪಿಕೊಂಡಿದ್ದ. ಆದರೂ 1884ರ ಮಾರ್ಚ್‌ನಲ್ಲಿ ಜ್ಯೂರಿ ಅದನ್ನು ಕೊಲೆ ಅನ್ನದೆ, ಉದ್ದೇಶವಿಲ್ಲದ ನರಹತ್ಯೆ ಅಂದಿತು. ಶಿಕ್ಷೆ 20 ವರ್ಷ. ಊರಿಗೆ ಊರೇ ರೊಚ್ಚಿಗೆದ್ದಿತು. ಸಾವಿರಾರು ಜನ ಜೈಲಿಗೆ ನುಗ್ಗಿದರು, ಅಷ್ಟರಲ್ಲಿ ಅವನನ್ನು ಬೇರೆಡೆಗೆ ಸಾಗಿಸಿದ್ದರು. ಮಾರನೇ ರಾತ್ರಿ ಕೋರ್ಟ್ ಕಟ್ಟಡಕ್ಕೆ ಬೆಂಕಿ ಬಿತ್ತು. ಮೂರು ದಿನದ ಗಲಭೆಯಲ್ಲಿ 50ಕ್ಕೂ ಹೆಚ್ಚು ಜನ ಸತ್ತರು. ಒಂದು ಫೆಲೊನಿ ತೀರ್ಪಿನ ಸಿಟ್ಟಿಗೆ ಆ ಕೌಂಟಿಯ ದಶಕಗಳ ತೀರ್ಪುಗಳೆಲ್ಲ ಬೂದಿ ಆದವು. ಈ ಹ್ಯಾಮಿಲ್ಟನ್ ಕೌಂಟಿಯನ್ನ ನೆನಪಿಟ್ಕೊಳ್ಳಿ, ಮುಂದೆ ಮತ್ತೆ ಬರುತ್ತೆ.

ಉಳಿದ ಕಾಗದದ ಮೇಲೆ ಯಾರಿಗೆ ಹಕ್ಕು? ಈ ಪ್ರಶ್ನೆಗೆ ಅಮೆರಿಕ ಕೊಟ್ಟ ಉತ್ತರ ನಮಗಿಂತ ಬೇರೆ. ನಮ್ಮಲ್ಲಿ ಕೇಸಿಗೆ ಸಂಬಂಧವಿಲ್ಲದ ಮೂರನೆಯವನು ನಕಲು ಕೇಳಬೇಕಾದರೆ ಹೈಕೋರ್ಟ್ ನಿಯಮಗಳ ಪ್ರಕಾರ ಕಾರಣ ತಿಳಿಸಿ ಅರ್ಜಿ ಹಾಕಬೇಕು. ಆರ್‌ಟಿಐ ಹಿಡಿದುಕೊಂಡು ಹೋಗೋ ಹಾಗಿಲ್ಲ ಅಂತ 2020ರಲ್ಲಿ ಗುಜರಾತ್ ಹೈಕೋರ್ಟಿನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಲ್ಲಿ ಹಾಗಲ್ಲ. ನಿಕ್ಸನ್ ಟೇಪುಗಳ ಗಲಾಟೆಯಿಂದ ಹುಟ್ಟಿದ 1978ರ ತೀರ್ಪೊಂದರಲ್ಲಿ ಅವರ ಸುಪ್ರೀಂ ಕೋರ್ಟ್, ನ್ಯಾಯಾಲಯದ ದಾಖಲೆಗಳನ್ನು ನೋಡುವ, ನಕಲು ಮಾಡಿಕೊಳ್ಳುವ ಹಕ್ಕು ಸಾಮಾನ್ಯ ಕಾನೂನಿನಲ್ಲೇ ಇದೆ ಅಂತ ಒಪ್ಪಿಕೊಂಡಿತು. ಮಿತಿಗಳಿಲ್ಲ ಅಂತಲ್ಲ, ಆದರೆ ‘ನಿನಗ್ಯಾಕೆ ಬೇಕು’ ಅಂತ ಕೇಳೋ ಹಾಗಿಲ್ಲ. 1980ರಲ್ಲಿ ಕ್ರಿಮಿನಲ್ ವಿಚಾರಣೆಗೆ ಹೋಗಿ ಕೂರುವುದೂ ಜನರ ಸಾಂವಿಧಾನಿಕ ಹಕ್ಕು ಅಂದರು.

ಇಷ್ಟೆಲ್ಲ ಉದಾರವಾಗಿ ಹೇಳೋಕೆ ಅವರಿಗೆ ಆಗಿದ್ದು ಹೇಗೆ? ನನ್ನ ಪ್ರಕಾರ ಒಂದು ಕಾರಣ, ಹಕ್ಕು ಚಲಾಯಿಸೋದು ಅಷ್ಟು ಸುಲಭ ಇರಲಿಲ್ಲ. ಬಸ್ಸು ಹತ್ತಬೇಕು, ಆ ಊರಿಗೆ ಹೋಗಬೇಕು, ಕಚೇರಿ ತೆಗೆದಿರಬೇಕು, ಪುಸ್ತಕ ತಿರುವಬೇಕು. ನಿಜವಾದ ಕಾರಣ ಇದ್ದವನು ಮಾತ್ರ ಅಷ್ಟು ಕಷ್ಟಪಡ್ತಾನೆ. ಇಪ್ಪತ್ತನೇ ವಯಸ್ಸಿನಲ್ಲಿ ಕಾರು ಕದ್ದು ಸಿಕ್ಕಿಬಿದ್ದವನು ಎರಡು ರಾಜ್ಯ ದಾಟಿ ಹೋಗಿ ಬಡಗಿ ಕೆಲಸ ಮಾಡಿಕೊಂಡು, ಮದುವೆಯಾಗಿ, ಮಕ್ಕಳನ್ನು ಸಾಕಿದರೆ ಅವನ ಕಡತ ಹಳೇ ಕೌಂಟಿಯಲ್ಲಿ ತಣ್ಣಗೆ ಮಲಗಿರುತ್ತಿತ್ತು. ಕಾನೂನು ಅವನನ್ನು ಕ್ಷಮಿಸಿರಲಿಲ್ಲ. ದೂರ ಕ್ಷಮಿಸಿತ್ತು.

ಇದನ್ನ ನ್ಯಾಯಾಧೀಶರೇ ಬಾಯಿಬಿಟ್ಟು ಹೇಳಿದ್ದು 1989ರಲ್ಲಿ. ಚಾರ್ಲ್ಸ್ ಮೆಡಿಕೋ ಅನ್ನೋ ವ್ಯಾಪಾರಿಯ ಬಗ್ಗೆ ಎಫ್‌ಬಿಐ ಹತ್ತಿರ ಇರುವ ಬಂಧನ, ಶಿಕ್ಷೆಗಳ ಪಟ್ಟಿಯನ್ನು ಕೊಡಿ ಅಂತ ಪತ್ರಕರ್ತರು ಮಾಹಿತಿ ಹಕ್ಕಿನ ಕಾನೂನಿನಡಿ ಕೇಳಿದರು. ಅವರ ವಾದ ಸರಳ: ಆ ಪಟ್ಟಿಯಲ್ಲಿ ಇರೋದೆಲ್ಲ ಯಾವುದೋ ಕೌಂಟಿಯಲ್ಲಿ ಈಗಾಗಲೇ ಸಾರ್ವಜನಿಕ ಅಲ್ವಾ, ಒಟ್ಟು ಮಾಡಿಟ್ಟಿದ್ದನ್ನು ಕೊಡೋಕೇನು ಕಷ್ಟ? ಸುಪ್ರೀಂ ಕೋರ್ಟ್ ಕೊಡಬೇಕಿಲ್ಲ ಅಂದಿತು. ದೇಶದ ಉದ್ದಗಲಕ್ಕೂ ಕೋರ್ಟು, ಪೊಲೀಸ್ ಠಾಣೆಗಳಲ್ಲಿ ಚದುರಿಹೋದ ಕಾಗದಕ್ಕೂ, ಅದನ್ನೆಲ್ಲ ಒಂದೇ ಕಡೆ ಕಂಪ್ಯೂಟರಿನಲ್ಲಿ ಪೇರಿಸಿಟ್ಟ ಪಟ್ಟಿಗೂ ಬಹಳ ವ್ಯತ್ಯಾಸ ಇದೆ, ಆ ಚದುರುವಿಕೆಯಿಂದ ಹುಟ್ಟುವ ಮರೆಯಲ್ಲಿ ಒಬ್ಬನ ಖಾಸಗಿತನ ಅಡಗಿದೆ ಅನ್ನೋದು ಆ ತೀರ್ಪಿನ ಸಾರ. ಆಗ ಎಫ್‌ಬಿಐ ಹತ್ತಿರ 2 ಕೋಟಿ 40 ಲಕ್ಷಕ್ಕೂ ಹೆಚ್ಚು ಜನರ ಪಟ್ಟಿ ಇತ್ತು.

ನನಗೆ ಈ ತೀರ್ಪು ಬಹಳ ಹಿಡಿಸಿತು. ಡೇಟಾ ಒಂದೇ, ಆದರೆ ಜಾಯಿನ್ ಮಾಡಿದ ಕೂಡಲೇ ಅದು ಬೇರೆಯದೇ ವಸ್ತು ಆಗುತ್ತೆ ಅಂತ, ನಮ್ಮಲ್ಲಿ ಯಾರೂ ಜಿಪಿಎಸ್ ಕೇಳಿರದ ಕಾಲಕ್ಕೇ ಅರ್ಥ ಮಾಡ್ಕೊಂಡಿದ್ದರು.

ತೊಂದರೆ ಏನಾಯ್ತಂದ್ರೆ, ಆ ತೀರ್ಪು ಕಟ್ಟಿಹಾಕಿದ್ದು ಸರ್ಕಾರದ ಕೈಯನ್ನ ಮಾತ್ರ. ಖಾಸಗಿ ಕಂಪನಿಗಳು ಕೌಂಟಿ ಕೌಂಟಿಗೂ ಹೋಗಿ ದಾಖಲೆಗಳನ್ನು ಸಗಟಾಗಿ ಕೊಂಡು ತಮ್ಮದೇ ಗೋದಾಮು ಕಟ್ಟಿದವು. ಅದಕ್ಕೆ ಅಡ್ಡಿ ಇರಲಿಲ್ಲ, ಎಷ್ಟಂದ್ರೂ ಸಾರ್ವಜನಿಕ ದಾಖಲೆ. ಅಷ್ಟೊತ್ತಿಗೆ ಕೌಂಟಿಗಳೂ ತಾವಾಗಿ ಆನ್‌ಲೈನ್ ಹೋಗೋಕೆ ಶುರು ಮಾಡಿದವು. ಮುಂಚೂಣಿಯಲ್ಲಿದ್ದದ್ದು ಯಾರು? ಹ್ಯಾಮಿಲ್ಟನ್ ಕೌಂಟಿ. 1884ರಲ್ಲಿ ಬೂದಿಯಾಗಿದ್ದ ಅದೇ ಸಿನ್ಸಿನಾಟಿ ಕೋರ್ಟಿನವರು ಕೇಸಿನ ಕಾಗದಗಳನ್ನು ಸ್ಕ್ಯಾನ್ ಮಾಡಿ ಹಾಗ್ಹಾಗೇ ವೆಬ್‌ಸೈಟಿಗೆ ಹಾಕಿದರು. ಒಬ್ಬ ಹೆಂಗಸಿಗೆ 2003ರಲ್ಲಿ ಜೋರಾಗಿ ಕಾರು ಓಡಿಸಿದ್ದಕ್ಕೆ ಪೊಲೀಸರು ಚೀಟಿ ಕೊಟ್ಟಿದ್ದರು. ಫೆಲೊನಿ ಅಲ್ಲ, ಏನೂ ಅಲ್ಲ. ಆದರೆ ಆ ಚೀಟಿಯ ಮೇಲೆ ಆಕೆಯ ಸೋಷಿಯಲ್ ಸೆಕ್ಯುರಿಟಿ ನಂಬರ್ ಇತ್ತು, ಅದೂ ವೆಬ್‌ಸೈಟಿನಲ್ಲಿ ಕೂತಿತು. ಯಾರೋ ಅದನ್ನು ಎತ್ತಿಕೊಂಡು ಆಕೆಯ ಹೆಸರಿನಲ್ಲಿ ಅಂಗಡಿಗಳಲ್ಲಿ ಸಾವಿರಾರು ಡಾಲರ್ ಸಾಮಾನು ಕೊಂಡರು. ಆಕೆ ಕೋರ್ಟಿಗೆ ಹೋದಳು. 2008ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ, ಇದರಲ್ಲಿ ಸಂವಿಧಾನ ಕೊಟ್ಟ ಖಾಸಗಿತನದ ಉಲ್ಲಂಘನೆ ಆಗಿಲ್ಲ ಅಂದಿತು. ಕಾಗದ ಸುಟ್ಟರೆ ಒಂದು ಥರ ಸಂಕಟ, ಸುಡದೇ ಎಲ್ಲೆಲ್ಲೂ ಹರಡಿದರೆ ಇನ್ನೊಂದು ಥರ.

ಬೇರೆ ಕೌಂಟಿಗಳು ಬೇರೆ ದಾರಿ ಹಿಡಿದವು. ಎಲ್ಲ ಕಡೆ ಎಲ್ಲ ಆನ್‌ಲೈನ್ ಆಗಿದೆ ಅಂದ್ಕೊಂಡರೆ ಮೋಸಹೋಗ್ತೀರಿ. ಫೆಡರಲ್ ಕೋರ್ಟುಗಳಿಗೆ ಪೇಸರ್ ಅಂತ ಒಂದೇ ವ್ಯವಸ್ಥೆ ಇದೆ, ಪುಟಕ್ಕೆ 10 ಸೆಂಟ್. ಆದರೆ ಅದರಲ್ಲಿ ಕೌಂಟಿ ಕೇಸು ಒಂದೂ ಇರಲ್ಲ. ನ್ಯೂಯಾರ್ಕ್ ರಾಜ್ಯದ ನ್ಯಾಯಾಂಗ ಆಡಳಿತದವರು ರಾಜ್ಯಕ್ಕೆಲ್ಲ ಸೇರಿಸಿ ಹುಡುಕಿ ಕೊಡ್ತಾರೆ, ಹೆಸರೊಂದಕ್ಕೆ 95 ಡಾಲರ್. ಕ್ಯಾಲಿಫೋರ್ನಿಯಾದಲ್ಲಿ ಸಿಲಿಕಾನ್ ಕಣಿವೆ ಇದ್ದರೂ, ಕ್ರಿಮಿನಲ್ ಕೇಸಿನ ಕಾಗದಗಳನ್ನು ಮನೆಯಿಂದ ನೋಡೋ ಹಾಗಿಲ್ಲ ಅಂತ ಕೋರ್ಟ್ ನಿಯಮ ಇದೆ. ಸ್ಕ್ಯಾನ್ ಆಗಿದ್ದರೂ ಕೋರ್ಟ್ ಕಟ್ಟಡಕ್ಕೇ ಹೋಗಿ ಅಲ್ಲಿನ ಕಂಪ್ಯೂಟರಿನಲ್ಲೇ ನೋಡಬೇಕು. ಮೊದಲು ಓದಿದಾಗ ಇದು ಹಳೇ ಕಾಲದ ಮೊಂಡುತನ ಅನ್ಸುತ್ತೆ. 1989ರ ತೀರ್ಪು ಗೊತ್ತಿದ್ದರೆ ಬೇರೆ ಥರ ಕಾಣುತ್ತೆ: ತಂತ್ರಜ್ಞಾನ ಕಿತ್ತುಹಾಕಿದ ಬಸ್ ಪ್ರಯಾಣವನ್ನು ನಿಯಮ ಬೇಕಂತಲೇ ವಾಪಸ್ ತಂದಿದೆ.

ಹಾಗಾಗಿ ಇವತ್ತಿಗೂ ಅಮೆರಿಕದಲ್ಲಿ ಕೋರ್ಟ್ ರನ್ನರ್ ಅಂತ ಒಂದು ಕಸುಬು ಇದೆ. ಹೊಸ ಕೆಲಸಕ್ಕೆ ಸೇರುವವನ ಹಿನ್ನೆಲೆ ಪರಿಶೀಲನೆ ನಡೆಯುವಾಗ ಆತ ವಾಸವಿದ್ದ ಕೌಂಟಿಗಳ ಪಟ್ಟಿ ಹಿಡಿದು ಒಬ್ಬ ಮನುಷ್ಯ ಕೋರ್ಟಿಗೆ ಹೋಗಿ, ಟರ್ಮಿನಲ್ ಮುಂದೆ ಕೂತು, ಹೆಸರು ಹಾಕಿ ನೋಡ್ತಾನೆ. ನಮ್ಮ ಬಿಜಿವಿ ರಿಪೋರ್ಟಿನಲ್ಲಿ ‘ಕ್ರಿಮಿನಲ್ ಚೆಕ್: ಕ್ಲಿಯರ್’ ಅಂತ ಹಸಿರು ಬಣ್ಣದಲ್ಲಿ ಬರುತ್ತಲ್ಲ, ಅಮೆರಿಕದಲ್ಲಿ ಆ ಹಸಿರಿನ ಹಿಂದೆ ಎಷ್ಟೋ ಸಲ ಇಂಥ ಒಬ್ಬ ಓಡಾಡಿರ್ತಾನೆ.

ಈಗ ಆ ಟರ್ಮಿನಲ್‌ನಲ್ಲಿ ಒಂದೇ ಹೆಸರಿನ 30 ಜನ ಬಂದರೆ? ಕೋರ್ಟಿನ ಇಂಡೆಕ್ಸಿನಲ್ಲಿ ಬೆರಳಚ್ಚು ಇರಲ್ಲ. ಹೆಸರು, ಹುಟ್ಟಿದ ದಿನ, ಅಷ್ಟೇ ಗತಿ. ಇಲ್ಲೇ 2021ರಲ್ಲಿ ಒಂದು ಮಜವಾದ ಗಂಟು ಬಿತ್ತು. ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಮೇಲ್ಮನವಿ ನ್ಯಾಯಾಲಯ ರಿವರ್‌ಸೈಡ್ ಕೌಂಟಿಯ ಕೇಸಿನಲ್ಲಿ, ಎಲೆಕ್ಟ್ರಾನಿಕ್ ಇಂಡೆಕ್ಸಿನಲ್ಲಿ ಹುಟ್ಟಿದ ದಿನ ಇರಬಾರದು ಅಂತ ನಿಯಮ ಇರೋವಾಗ ಅದನ್ನು ಹಾಕಿ ಹುಡುಕುವ ಸೌಲಭ್ಯವನ್ನೂ ಕೊಡಬಾರದು ಅಂದಿತು. ಕೇಸ್ ಹಾಕಿದ್ದು ಜೈಲಿಗೆ ಹೋಗಿ ಬಂದವರ ಪರ ಕೆಲಸ ಮಾಡುವ ಸಂಘಟನೆ. ಅವರ ಉದ್ದೇಶ ಅರ್ಥ ಆಗುತ್ತೆ: ಹುಡುಕೋದು ಕಷ್ಟ ಆದಷ್ಟೂ ಅವರವರಿಗೆ ಕೆಲಸ ಸಿಗುತ್ತೆ. ನಂತರ ಇತರ ಕೌಂಟಿಗಳೂ ಆ ಫಿಲ್ಟರ್ ತೆಗೆದವು. ಅದೇ ವರ್ಷ ನವೆಂಬರಿನಲ್ಲಿ ಅಮೆರಿಕದ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆ, ಬರೀ ಹೆಸರು ಹೊಂದಿತು ಅಂತ ಯಾರದೋ ಅಪರಾಧವನ್ನು ಯಾರದೋ ರಿಪೋರ್ಟಿಗೆ ಸೇರಿಸೋದು ಕಾನೂನುಬಾಹಿರ ಅಂತ ಎಚ್ಚರಿಸಿತು. ಒಬ್ಬರು ಹೇಳೋದು ಹುಟ್ಟಿದ ದಿನ ಕೊಡಬೇಡಿ ಅಂತ, ಇನ್ನೊಬ್ಬರು ಆಗ ಹೇಳಿದ್ದು ಬರೀ ಹೆಸರಿನ ಮೇಲೆ ನಿರ್ಧರಿಸಬೇಡಿ ಅಂತ. ಇಬ್ಬರೂ ಸರಿಯೇ. ನಡುವೆ ಸಿಕ್ಕಿಕೊಳ್ಳೋದು ಸಾಮಾನ್ಯ ಹೆಸರಿನವರು. ಕಡತದಲ್ಲಿ ಏನೂ ಇಲ್ಲದ ಅಮಾಯಕನೂ, ಬೇರೆ ಯಾರದೋ ಫೆಲೊನಿ ತನ್ನದಲ್ಲ ಅಂತ ತೋರಿಸೋಕೆ ವಾರಗಟ್ಟಲೆ ಕಾಯಬೇಕು, ಅಷ್ಟರಲ್ಲಿ ಆಫರ್ ಲೆಟರ್ ಹೋಗಿರುತ್ತೆ.

ನಮ್ಮವರ ಹೆಸರುಗಳು ಈ ಯಂತ್ರಕ್ಕೆ ಇನ್ನೂ ಕಷ್ಟ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದು, ಅದೂ ಸರ್‌ನೇಮ್ ಜಾಗದಲ್ಲಿ ಕೂತಿದ್ದರೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಕಡೆ ‘ಎಫ್‌ಎನ್‌ಯು’ ಅಂತ ಅಚ್ಚಾಗುತ್ತೆ, ಮೊದಲ ಹೆಸರು ಗೊತ್ತಿಲ್ಲ ಅಂತ ಅರ್ಥ. ಅಪ್ಪನ ಹೆಸರು, ಊರಿನ ಹೆಸರು ಇನಿಷಿಯಲ್ ಆಗಿ ಬಂದು, ಫಾರಂ ತುಂಬುವಾಗ ಹಿಂದುಮುಂದಾಗಿ, ಒಬ್ಬನೇ ಮೂರು ಮನುಷ್ಯರಾಗೋದು ಹೊಸದಲ್ಲ. ಹಾಗೇ ಮೂವರು ಒಬ್ಬನಾಗೋದೂ.

ಇನ್ನು ಅಳಿಸುವ ವಿಷಯ. 2018ರಲ್ಲಿ ಪೆನ್ಸಿಲ್ವೇನಿಯಾ ಕ್ಲೀನ್ ಸ್ಲೇಟ್ ಕಾನೂನು ತಂದಿತು. ಸಣ್ಣಪುಟ್ಟ ಹಳೇ ಅಪರಾಧಗಳ ದಾಖಲೆಯನ್ನು ಯಾರೂ ಅರ್ಜಿ ಹಾಕದೆ ಕಂಪ್ಯೂಟರೇ ಹುಡುಕಿ ಮುಚ್ಚಿಡಬೇಕು. 2023ರ ತಿದ್ದುಪಡಿಯಲ್ಲಿ ಮಾದಕದ್ರವ್ಯದ ಕೆಲವು ಫೆಲೊನಿಗಳನ್ನೂ ಸೇರಿಸಿದರು. ಬೇರೆ ರಾಜ್ಯಗಳೂ ಅದೇ ದಾರಿಯಲ್ಲಿವೆ. ದೂರ ಮಾಡ್ತಿದ್ದ ಕ್ಷಮೆಯನ್ನು ಈಗ ಕ್ರಾನ್ ಜಾಬ್ ಮಾಡಬೇಕು. ಕೌಂಟಿ ಮುಚ್ಚಿದ್ದು ಹೌದು, ಆದರೆ ಅದಕ್ಕೆ ಮೊದಲೇ ಸಗಟಾಗಿ ಕೊಂಡುಕೊಂಡ ಕಂಪನಿಯ ಸರ್ವರಿನಲ್ಲಿ ಹಳೇ ಪ್ರತಿ ಇರಬಹುದು. ಕ್ಯಾಶ್ ಇನ್‌ವ್ಯಾಲಿಡೇಶನ್ ಎಷ್ಟು ಕಷ್ಟ ಅಂತ ನಿಮಗೆ ನಾನು ಹೇಳಬೇಕಿಲ್ಲ. ಇಲ್ಲಿ ಕ್ಯಾಶ್‌ನಲ್ಲಿ ಇರೋದು ಒಬ್ಬ ಮನುಷ್ಯನ ಹೊಟ್ಟೆಪಾಡು.

ಅಲ್ಲಿ ಕೆಲಸ ಮಾಡುವ ನಮ್ಮವರಿಗೆ ಈ ನೆಲಮಾಳಿಗೆಗಳು ನೇರವಾಗಿ ಎದುರಾಗೋದು ಗ್ರೀನ್ ಕಾರ್ಡಿನ ಹೊತ್ತಿಗೆ. ಹತ್ತು ವರ್ಷದ ಹಿಂದೆ ಯಾವುದೋ ಕೌಂಟಿಯಲ್ಲಿ ಪೊಲೀಸರು ಬಂಧಿಸಿದ್ದರು ಅಂತಿಟ್ಕೊಳ್ಳಿ. ಕೇಸು ಬಿದ್ದುಹೋಗಿದ್ದರೂ ಸರಿ, ಮುಚ್ಚಿಟ್ಟಿದ್ದರೂ ಸರಿ, ಅರ್ಜಿಯಲ್ಲಿ ಹೇಳಲೇಬೇಕು, ಜೊತೆಗೆ ಆ ಕೋರ್ಟಿನ ಕ್ಲರ್ಕ್ ದೃಢೀಕರಿಸಿದ ಅಂತಿಮ ಆದೇಶದ ನಕಲು ಕೊಡಬೇಕು. ವೆಬ್‌ಸೈಟಿನ ಪ್ರಿಂಟೌಟ್ ನಡೆಯಲ್ಲ, ಕ್ಲರ್ಕಿನ ದೃಢೀಕರಣ ಬೇಕು. ಹಾಗಾಗಿ ಟೆಕ್ಸಾಸಿನಲ್ಲಿ ಓದಿ ಈಗ ಸಿಯಾಟಲ್‌ನಲ್ಲಿರುವ ಹುಡುಗ ಹಳೇ ಕೌಂಟಿಯ ಡಿಸ್ಟ್ರಿಕ್ಟ್ ಕ್ಲರ್ಕಿಗೋ ಕೌಂಟಿ ಕ್ಲರ್ಕಿಗೋ ಫೋನ್ ಮಾಡಿ, ಶುಲ್ಕ ಕಟ್ಟಿ, ಅಂಚೆಗೆ ಕಾಯ್ತಾನೆ. ಕೆಲವು ಕಡೆ ಕಡತ ಇಟ್ಟುಕೊಳ್ಳುವ ಅವಧಿ ಮುಗಿದು ಅದನ್ನು ನಾಶ ಮಾಡಿರ್ತಾರೆ. ಆಗ ಅವನಿಗೆ ಬೇಕಾಗೋದು ಇನ್ನೊಂದು ಕಾಗದ: ಹುಡುಕಿದೆವು, ಈ ಹೆಸರಿನ ಕಡತ ನಮ್ಮಲ್ಲಿ ಇಲ್ಲ ಅಂತ ಅದೇ ಕ್ಲರ್ಕ್ ಸಹಿ ಮಾಡಿ ಕೊಟ್ಟ ಪತ್ರ. ಅದಕ್ಕೂ ಶುಲ್ಕ ಇದೆ.